ಮುಚ್ಚಳಿಕೆ ಬರೆಯದವರು

ಚಿಕ್ಕಬಾಣಾವರ
12 ಅಕ್ಟೋಬರ್ 2025

ಲಾವಣ್ಯಾ,

ಈ ಕಾಲದಲ್ಲಿ ಯಾರು ಕಾಗದ ಬರೆಯುತ್ತಾರೆ ಎಂದು ನಗಬೇಡ. ನಿನ್ನ ಫೋನು ಎಚ್‌ಆರ್ ಪ್ರಸನ್ನನ ಬೀರುವಿನಲ್ಲಿ ‘ಸಾಕ್ಷ್ಯ’ ಎಂದು ಚೀಟಿ ಅಂಟಿಸಿಕೊಂಡು ಮಲಗಿದೆ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ನಾವಾಡಿದ ಮಾತೆಲ್ಲ ಪ್ರಿಂಟಾಗಿ ಅವನ ಮೇಜಿನ ಮೇಲಿದ್ದದ್ದನ್ನು ನಾನೇ ನೋಡಿದೆ. ಅವನನ್ನು ಬೋಳುಗುಂಡ ಎಂದು ಕರೆದ ನನ್ನ ಸಾಲಿಗೆ ಹಳದಿ ಬಣ್ಣ ಬಳಿದಿದ್ದ. ಆದ್ದರಿಂದ ಇನ್ನು ಮೇಲೆ ಪೇಪರು, ಪೆನ್ನು. ನಿಮ್ಮ ಹಾಸ್ಟೆಲ್ ಎದುರು ಇಡ್ಲಿ ಅಂಗಡಿ ಇಟ್ಟಿರುವ ಸುಬ್ಬಲಕ್ಷ್ಮಮ್ಮನ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಅವರ ಫೋನಿಗೆ ಮಾತ್ರ ಮಾಡುವುದಿಲ್ಲ. ಆಯಮ್ಮ ಸ್ಪೀಕರ್ ಹಾಕಿಯೇ ಮಾತಾಡುವುದು, ನಿಮ್ಮ ವಾರ್ಡನ್ ಅಲ್ಲೇ ಕೂತು ಇಡ್ಲಿ ತಿನ್ನುವುದು.

ನನಗೆ ಕಂಪನಿಯಿಂದ ಚಾರ್ಜ್‌ಶೀಟ್ ಬಂತು. ತಂದುಕೊಟ್ಟವರು ಯಾರು ಗೊತ್ತಾ? ನಿನ್ನ ಮುರಳಿ ಅಣ್ಣ, ನಮ್ಮ ಮನೆಯವರೇ! ಈ ಏರಿಯಾದ ಪೋಸ್ಟ್‌ಮ್ಯಾನ್ ಅವರೇ ತಾನೆ. ಬಾಗಿಲಲ್ಲಿ ನಿಂತು “ಆಶಾರಾಣಿ ಅನ್ನೋರು ಯಾರು?” ಎಂದು ಕೂಗಿದರು. “ಕೈ ತೊಳ್ಕೊಂಡು ಊಟಕ್ಕೆ ಬನ್ನಿ” ಅಂದೆ. “ಮೊದ್ಲು ಸೈನ್ ಹಾಕಮ್ಮ, ಡ್ಯೂಟಿಲಿದೀನಿ” ಅಂದರು. ಸೈನ್ ಹಾಕಿಸಿಕೊಂಡ ಮೇಲೆ ಟೋಪಿ ತೆಗೆದು, ನನ್ನ ಪಕ್ಕದಲ್ಲೇ ಕೂತು, ನನಗಿಂತ ಮೊದಲು ಓದಿ, ನನಗಿಂತ ಜಾಸ್ತಿ ಬೆವರಿದರು.

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಆದರೂ ಒಂದು ಸಲ ಕಾಗದದ ಮೇಲೆ ಇರಲಿ. ಸೆಪ್ಟೆಂಬರ್ ಮೂರನೇ ತಾರೀಕು ಪೀಣ್ಯದ ನಮ್ಮ ಲೈನಿನಲ್ಲಿ ಸ್ಕೂಟರ್ ದೀಪ ಒಣಗಿಸುವ ಓವನ್ ಪಕ್ಕ ಮಹಾಲಕ್ಷ್ಮಿ ತಲೆ ಸುತ್ತಿ ಬಿದ್ದಳು. ಕಬ್ಬಿಣದ ಅಂಚಿಗೆ ತಲೆ ಬಡಿದು ರಕ್ತ ಬಂತು. ಸೂಪರ್‌ವೈಸರ್ “ಪಕ್ಕಕ್ಕೆ ಎಳೀರಿ, ಲೈನ್ ನಿಲ್ಸಬೇಡಿ” ಅಂದ. ಆಗ ಯಾರೋ ಕೆಂಪು ಗುಂಡಿ ಒತ್ತಿದರು. ನಲವತ್ತು ನಿಮಿಷ ಬೆಲ್ಟ್ ನಿಂತಿತು. ಕೆಂಪು ಗುಂಡಿ ಇರುವುದು ಮೆಷಿನ್ನಿಗೆ ತೊಂದರೆಯಾದಾಗ ಒತ್ತುವುದಕ್ಕಂತೆ, ಮನುಷ್ಯರಿಗೆ ಆದಾಗ ಅಲ್ಲವಂತೆ. ಹದಿನಾಲ್ಕು ವರ್ಷದ ಹಳಬಳು, ಬಾಯಿ ಜೋರು ಎಂದು ನನ್ನನ್ನು ಸಸ್ಪೆಂಡ್ ಮಾಡಿದರು. ನಿಮ್ಮ ಹನ್ನೆರಡು ಜನರನ್ನು ಅತ್ತಿಬೆಲೆ ಯೂನಿಟ್ಟಿಗೆ ಸಾಗಿಸಿದರು. ಮಹಾಲಕ್ಷ್ಮಿ ತಲೆಗೆ ಆರು ಹೊಲಿಗೆ ಹಾಕಿಸಿಕೊಂಡು ಗೌರಿಬಿದನೂರಿನಲ್ಲಿ ಅಮ್ಮನ ಮನೆ ಸೇರಿದ್ದಾಳೆ.

ಈಗ ಎರಡೇ ದಾರಿ. ವಿಚಾರಣೆ ನಡೆದು ನಾನೇ ಒತ್ತಿದೆ ಎಂದು ಸಾಬೀತಾದರೆ ಕೆಲಸದಿಂದ ವಜಾ. ಇಲ್ಲವೇ ಮುಚ್ಚಳಿಕೆ ಬರೆದುಕೊಟ್ಟು ಮರುದಿನವೇ ಒಳಗೆ ಬರುವುದು. ಬರೆಯಬೇಕಾದದ್ದನ್ನು ಅವರೇ ಟೈಪ್ ಮಾಡಿ ಕಳಿಸಿದ್ದಾರೆ, ನನ್ನ ಕೈಬರಹದಲ್ಲಿ ನಕಲು ಮಾಡಬೇಕಂತೆ: “ಯಾವುದೇ ಸಕಾರಣವಿಲ್ಲದೆ ಉತ್ಪಾದನೆಗೆ ಅಡ್ಡಿಪಡಿಸಿದ್ದೇನೆ. ತಪ್ಪಿನ ಅರಿವಾಗಿದೆ. ಕ್ಷಮೆ ಕೋರುತ್ತೇನೆ.” ಸಕಾರಣವಿಲ್ಲದೆ! ಆರು ಹೊಲಿಗೆ ಕಾರಣವಲ್ಲ ಎಂದು ನನ್ನ ಕೈಯಲ್ಲಿ ಬರೆಸುತ್ತಾರಂತೆ. ಬರೆಯುವುದಿಲ್ಲ ಕಣೇ, ಏನು ಕಿತ್ಕೊಳ್ತಾರೋ ಕಿತ್ಕೊಳ್ಳಲಿ.

ಗುಂಡಿ ಯಾರು ಒತ್ತಿದರು ಎಂಬ ಮಾತು ಮಾತ್ರ ಕಾಗದದಲ್ಲಿ ಬರೆಯಬೇಡ. ಯಾರು ಒಡೆದು ಓದುತ್ತಾರೋ ಏನೋ.

ನಿನ್ನ
ಆಶಕ್ಕ


ಅತ್ತಿಬೆಲೆ
19 ಅಕ್ಟೋಬರ್ 2025

ಆಶಕ್ಕನಿಗೆ ನಮಸ್ಕಾರ.

ನಿಮ್ಮ ಕಾಗದಕ್ಕೆ ಸಾಂಬಾರು ತಾಗಿತ್ತು, ಆದರೂ ಪೂರ್ತಿ ಓದಲಾಯಿತು. ಭಾನುವಾರ ಮಾತ್ರ ಬಿಡುವು ಸಿಗುವುದರಿಂದ ಇವತ್ತು ಬರೆಯುತ್ತಿದ್ದೇನೆ.

ಇಲ್ಲಿ ಮೆಷಿನ್ನುಗಳನ್ನು ತಿರುಗಿಸಿ ಇಟ್ಟಿದ್ದಾರೆ. ಪೀಣ್ಯದಲ್ಲಿ ಎದುರುಬದುರು ಕೂತಿದ್ದೆವಲ್ಲ, ಇಲ್ಲಿ ಹಾಗಿಲ್ಲ. ಒಬ್ಬರ ಬೆನ್ನಿಗೆ ಇನ್ನೊಬ್ಬರ ಮುಖ. ಇಡೀ ದಿನ ನನಗೆ ಕಾಣುವುದು ಸೌಮ್ಯಾಳ ಬೆನ್ನು, ಅವಳ ಜಡೆ, ಏಪ್ರನ್ನಿನ ಗಂಟು. ಯಾರಾದರೂ ಅಳುತ್ತಿದ್ದರೂ ಗೊತ್ತಾಗುವುದಿಲ್ಲ. ಹಾಸ್ಟೆಲಿನಲ್ಲಿ ಒಂಬತ್ತಕ್ಕೆ ದೀಪ ಆರಿಸುತ್ತಾರೆ.

ಪ್ರಸನ್ನ ಸಾರ್ ವಾರಕ್ಕೊಮ್ಮೆ ಬರುತ್ತಾರೆ. ಬೈಯುವುದಿಲ್ಲ. “ಊಟ ಸರಿ ಇದೆಯಾಮ್ಮ?” ಎಂದು ಕೇಳುತ್ತಾರೆ. ಅವರು ಬೈದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತದೆ.

ಅಕ್ಕ, ಸಿಟ್ಟಾಗಬೇಡಿ, ಒಂದು ಮಾತು. ಆ ಮುಚ್ಚಳಿಕೆ ಬರೆದುಕೊಟ್ಟುಬಿಡಿ. ಎರಡು ಸಾಲು ತಾನೆ. ಬರೆದು ಒಳಗೆ ಬಂದರೆ ಎಲ್ಲ ಮುಗಿದುಹೋಗುತ್ತದೆ. ನೀವು ಮನೆಯಲ್ಲಿ ಕೂತಿರುವುದನ್ನು ನೆನೆಸಿಕೊಂಡರೆ ನನಗೆ ಅನ್ನ ಇಳಿಯುವುದಿಲ್ಲ. ಯಾಕೆ ಎಂದು ನಿಮಗೆ ಗೊತ್ತು. ಬರೆಯಬೇಡ ಅಂದಿದ್ದೀರಿ, ಬರೆಯುವುದಿಲ್ಲ.

ನಿಮ್ಮ
ಲಾವಣ್ಯ


ಚಿಕ್ಕಬಾಣಾವರ
26 ಅಕ್ಟೋಬರ್ 2025

ಲಾವಣ್ಯಾ,

ನಿನ್ನ ಕಾಗದ ಓದಿ ಸಿಟ್ಟು ನೆತ್ತಿಗೇರಿತು. ಬರೆದುಕೊಡು ಎಂದು ಮನೆಯವರು ಹೇಳಿದರು, ಸರಿ. ಸರ್ಕಾರಿ ಕೆಲಸದವರು, ಒಂದು ಮೆಮೊ ನೋಡಿದರೂ ಅವರಿಗೆ ಜ್ವರ ಬರುತ್ತದೆ. ನಮ್ಮತ್ತೆ ಬೈರಮ್ಮ, “ನಾಲ್ಕು ಮನೆ ಬಾಡ್ಗೆ ಬತ್ತದೆ, ನೀನ್ಯಾಕವ್ವ ಇಂಗೆ ಬಡ್ದಾಡ್ತೀಯ?” ಅಂದರು, ಅದೂ ಸರಿ. ನೀನು ಹೇಳಬಾರದಿತ್ತು. ಪ್ರಸನ್ನ ಎಷ್ಟು ಸಲ ಊಟ ಸರಿ ಇದೆಯಾ ಎಂದು ಕೇಳಿದ ಮೇಲೆ ನಿನಗೆ ಈ ಬುದ್ಧಿ ಬಂತು?

ಎರಡು ಸಾಲು ತಾನೆ ಅಂದೆ. ಆ ಎರಡು ಸಾಲನ್ನು ಮಹಾಲಕ್ಷ್ಮಿಗೆ ಓದಿ ಹೇಳು ಹೋಗು.

ಇನ್ನೊಂದು ವಿಷಯ. ನವೆಂಬರ್ ಆರಕ್ಕೆ ನಾವು ಅಂಡಮಾನಿಗೆ ಹೊರಟಿದ್ದೇವೆ. ಮುರಳಿ ಅಣ್ಣನಿಗೆ ಇಲಾಖೆಯಿಂದ ಸಿಗುವ ರಜೆ ಪ್ರವಾಸ. ಏಪ್ರಿಲ್‌ನಲ್ಲೇ ಬುಕ್ ಆಗಿತ್ತು, ಈಗ ರದ್ದು ಮಾಡಿದರೆ ಮತ್ತೆ ಸಿಗುವುದಿಲ್ಲವಂತೆ. ಸಸ್ಪೆಂಡ್ ಆದವಳು ಟೂರ್ ಹೋಗುತ್ತಾಳೆ ಎಂದು ಆಡಿಕೊಳ್ಳುವವರು ಆಡಿಕೊಳ್ಳಲಿ. ಮುಖ ಮುಚ್ಚಿಕೊಂಡು ಕೂರುವ ಕೆಲಸ ನಾನೇನೂ ಮಾಡಿಲ್ಲ. ಹದಿನಾಲ್ಕಕ್ಕೆ ವಾಪಸು.

ಆಶಾರಾಣಿ


ಪೋರ್ಟ್ ಬ್ಲೇರ್
9 ನವೆಂಬರ್ 2025

ಲಾವಣ್ಯಾ,

ನೀನು ಉತ್ತರ ಬರೆಯಲಿಲ್ಲ. ಬರೆಯದಿದ್ದದ್ದು ಸರಿಯೇ. ಹೋದ ಕಾಗದದಲ್ಲಿ ನಾನು ಬಾಯಿಗೆ ಬಂದದ್ದು ಬರೆದೆ.

ಈ ಊರಿನ ಹೆಸರು ಈಗ ಶ್ರೀ ವಿಜಯಪುರಂ ಅಂತೆ, ಆಟೋದವರು ಇನ್ನೂ ಪೋರ್ಟ್ ಬ್ಲೇರ್ ಅನ್ನುತ್ತಾರೆ. ನಿನ್ನೆ ಸೆಲ್ಯುಲಾರ್ ಜೈಲು ನೋಡಿದೆವು. ಶಾಲೆಯಲ್ಲಿ ಕಾಲಾಪಾನಿ ಎಂದು ಓದಿದ್ದೆನಲ್ಲ, ಅದೇ. ಒಳಗೆ ಹೋಗುವ ಮೊದಲೇ ಎಳನೀರು, ಟೋಪಿ, ಮುತ್ತಿನ ಸರ. ಚೀಟಿ ತಗೊಂಡು ಕ್ಯೂ ನಿಂತು ಜೈಲಿಗೆ ಹೋಗುವುದು ನನಗೆ ಮೊದಲು ನಗೆ ತರಿಸಿತು. ಮುರಳಿ ಅಣ್ಣ ನನ್ನನ್ನು ಒಂದು ಕೋಣೆಯೊಳಗೆ ನಿಲ್ಲಿಸಿ, ಸರಳು ಹಿಡ್ಕೊ, ಸ್ವಲ್ಪ ನಗು ಎಂದು ಫೋಟೋ ತೆಗೆದರು. ಹಲ್ಲು ಕಿರಿದೆ. ಹಿಂದೆ ನಾಲ್ಕು ಸಂಸಾರ ಅದೇ ಫೋಟೋಗಾಗಿ ಕಾಯುತ್ತಿತ್ತು.

ಆಮೇಲೆ ಗೈಡ್ ಹಿಂದಿಯಲ್ಲಿ ಹೇಳತೊಡಗಿದ, ಮನೆಯವರು ಕನ್ನಡಕ್ಕೆ ಮಾಡಿ ಹೇಳಿದರು. ನಡುವೆ ಒಂದು ಗೋಪುರ, ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಸುತ್ತ ಏಳು ಸಾಲು ಕಟ್ಟಡ ಇತ್ತಂತೆ. ಈಗ ಮೂರು ಉಳಿದಿವೆ. ಒಂದು ಸಾಲಿನ ಕೋಣೆಗಳ ಬಾಗಿಲಿಗೆ ಕಾಣುವುದು ಮುಂದಿನ ಸಾಲಿನ ಹಿಂಗೋಡೆ ಮಾತ್ರ. ನೂರಾರು ಜನ ಇದ್ದರೂ ಯಾರಿಗೂ ಇನ್ನೊಬ್ಬರ ಮುಖ ಕಾಣಬಾರದು, ಬೇಕಂತಲೇ ಹಾಗೆ ಕಟ್ಟಿದ್ದು. ಇದನ್ನು ಕೇಳಿದ ಕೂಡಲೇ ನಿನ್ನ ಕಾಗದದಲ್ಲಿದ್ದ ಸೌಮ್ಯಾಳ ಜಡೆ ನೆನಪಾಗಿ ಅಲ್ಲೇ ನಿಂತುಬಿಟ್ಟೆ. ನೀನು ಬರೆದಾಗ ಮೆಷಿನ್ ತಿರುಗಿಸಿದ್ದು ಜಾಗ ಉಳಿಸುವುದಕ್ಕೇನೋ ಅಂದುಕೊಂಡಿದ್ದೆ. ಎಂಥ ದಡ್ಡಿ ನಾನು.

ಗಾಣವೂ ಇದೆ. ಒಬ್ಬೊಬ್ಬ ಕೈದಿ ದಿನಕ್ಕೆ ಮೂವತ್ತು ಪೌಂಡ್ ಕೊಬ್ಬರಿ ಎಣ್ಣೆ ತೆಗೆಯಬೇಕಿತ್ತಂತೆ. ಅಂದರೆ ಹದಿಮೂರೂವರೆ ಕೆ.ಜಿ. ತೂಕ ಕಡಿಮೆ ಬಂದರೆ ಏಟು. ಅತ್ತೆ ಗಾಣದ ಮರ ಮುಟ್ಟಿ ನೋಡಿ, “ಎತ್ತು ಎಲ್ ಕಟ್ತಿದ್ರು?” ಎಂದು ಕೇಳಿದರು. ಎತ್ತಿಲ್ಲ ಅತ್ತೆ, ಮನುಷ್ಯರನ್ನೇ ಕಟ್ಟುತ್ತಿದ್ದರು ಅಂದೆ. ಮರದಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡರು. ಆಮೇಲೆ ಗೈಡಿಗೇ ಬೈಯುವವರ ಹಾಗೆ, “ಎತ್ತಾಗಿದ್ರೆ ಮಧ್ಯಾನ್ಕೆ ಬಿಚ್ಚಿ ಮೇವಾದ್ರೂ ಆಕ್ತಿದ್ವಿ” ಅಂದರು. ನಾಲ್ಕು ಮನೆ ಬಾಡಿಗೆಯ ಮಾತನ್ನು ಆಮೇಲೆ ಅವರು ಎತ್ತಿಲ್ಲ.

ಗೋಪುರದಲ್ಲಿ ಕಲ್ಲಿನ ಮೇಲೆ ಇಲ್ಲಿದ್ದ ಕೈದಿಗಳ ಹೆಸರು ಕೆತ್ತಿದ್ದಾರೆ. ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದೆ. ಊಟ ಬಿಟ್ಟು ಸತ್ತವರೂ ಇದ್ದಾರೆ ಎಂದರು. ಅರ್ಧಕ್ಕೇ ಓದುವುದು ಬಿಟ್ಟು ಆಚೆ ಬಂದುಬಿಟ್ಟೆ. ಯಾಕೆ ಎಂದು ಹೇಳುತ್ತೇನೆ. ಎರಡು ತಿಂಗಳಿಂದ ಹೇಳದೆ ಇಟ್ಟುಕೊಂಡಿದ್ದೇನೆ.

ಪೀಣ್ಯದಲ್ಲಿ ಈಗ ನಾನು ದೊಡ್ಡ ಮನುಷ್ಯಳು. ಬಸ್‌ಸ್ಟಾಪಿನಲ್ಲಿ ಗೊತ್ತಿಲ್ಲದ ಹುಡುಗಿಯರು ಬಂದು, “ಅಕ್ಕ, ಲೈನ್ ನಿಲ್ಸಿದ್ದು ನೀವೇ ಅಲ್ವಾ? ಸಕ್ಕತ್ ಕೆಲ್ಸ ಮಾಡಿದ್ರಿ” ಅನ್ನುತ್ತಾರೆ. ನಾನು ಹೂಂ ಅನ್ನುವುದಿಲ್ಲ, ಉಹೂಂ ಅನ್ನುವುದೂ ಇಲ್ಲ, ಸುಮ್ಮನೆ ನಗುತ್ತೇನೆ. ನಿನಗೂ ನನಗೂ ಗೊತ್ತು, ಒತ್ತಿದ್ದು ನೀನು. ಗುಂಡಿಗೆ ಹತ್ತಿರ ಇದ್ದವಳು ನಾನು. ಮಹಾಲಕ್ಷ್ಮಿ ಬಿದ್ದ ಕೂಡಲೇ ನನ್ನ ಕೈ ಮೇಲೆ ಹೋಯಿತು. ಹೋದದ್ದು ಅಲ್ಲೇ ನಿಂತಿತು. ಹದಿನಾಲ್ಕು ವರ್ಷದ ಕೆಲಸ ಕಣ್ಣ ಮುಂದೆ ಬಂತು. ಹೆದರಿದೆ ಕಣೇ. ಅಷ್ಟರಲ್ಲಿ ನೀನು, ಸೇರಿ ಒಂದು ವರ್ಷ ತುಂಬದವಳು, ನನ್ನ ತೋಳಿನ ಕೆಳಗಿಂದ ನುಗ್ಗಿ ಅಂಗೈಯಿಂದ ಗುದ್ದಿದೆ.

ಗುಂಡಿ ವಿಷಯ ಬರೆಯಬೇಡ ಎಂದು ನಾನು ಹೇಳಿದ್ದು ನಿನ್ನನ್ನು ಕಾಪಾಡಲು ಎಂದು ನೀನು ತಿಳಿದಿರಬಹುದು. ಅರ್ಧ ನಿಜ. ಇನ್ನರ್ಧ, ಆ ಹೆಸರು ನನಗೇ ಇರಲಿ ಎಂಬ ಆಸೆ. ಥೂ ನನ್ನ.

ಈಗ ಕೇಳು. ವಿಚಾರಣೆಯಲ್ಲಿ ನಿನ್ನನ್ನು ಸಾಕ್ಷಿಗೆ ಕರೆಯುತ್ತಾರೆ. ಆಶಾರಾಣಿ ಒತ್ತಿದ್ದನ್ನು ನೋಡಿದೆ ಎಂದು ಸೈನ್ ಹಾಕು. ನಿನಗೆ ಊರಿನಲ್ಲಿ ಅಮ್ಮ, ಓದುವ ತಮ್ಮ. ನನಗೆ ಸಂಬಳ ತರುವ ಗಂಡ ಇದ್ದಾರೆ. ಒತ್ತದೇ ಹೊಗಳಿಸಿಕೊಂಡೆನಲ್ಲ, ಒತ್ತಿದವಳ ಶಿಕ್ಷೆಯನ್ನಾದರೂ ನಾನೇ ತಗೊಳ್ಳುತ್ತೇನೆ. ಆದರೆ ಮುಚ್ಚಳಿಕೆ ಬರೆಯುವುದಿಲ್ಲ. ವಜಾ ಮಾಡಿಸಿಕೊಂಡು ತಲೆ ಎತ್ತಿಕೊಂಡೇ ಹೋಗುತ್ತೇನೆ.

ನಾಳೆ ಬೆಳಿಗ್ಗೆ ಇಲ್ಲಿನ ಹೆಡ್ ಪೋಸ್ಟ್ ಆಫೀಸಿನಲ್ಲಿ ಸ್ಪೀಡ್ ಪೋಸ್ಟ್ ಮಾಡಿಸುತ್ತೇನೆ. ಬುಧವಾರದೊಳಗೆ ನಿನಗೆ ಸಿಗುತ್ತದೆ ಎಂದು ಮುರಳಿ ಅಣ್ಣ ಎದೆ ತಟ್ಟಿಕೊಂಡು ಹೇಳುತ್ತಿದ್ದಾರೆ.

ಆಶಕ್ಕ


ಅತ್ತಿಬೆಲೆ
11 ನವೆಂಬರ್ 2025

ಆಶಾರಾಣಿಯವರಿಗೆ,

ಇದನ್ನು ಬೀಗ ಹಾಕಿದ ಮನೆಗೆ ಬರೆಯುತ್ತಿದ್ದೇನೆ ಎಂದು ಗೊತ್ತು. ನೀವು ಓದುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

ನಿನ್ನೆ ಪ್ರಸನ್ನ ಸಾರ್ ನಮ್ಮೆಲ್ಲರನ್ನೂ ಕ್ಯಾಂಟೀನಿನಲ್ಲಿ ಕೂರಿಸಿ ಗೋಡೆಯ ಟಿವಿಯಲ್ಲಿ ಒಂದು ಫೋಟೋ ತೋರಿಸಿದರು. ನೀವು ಜೈಲಿನ ಸರಳು ಹಿಡಿದು ನಗುತ್ತಿದ್ದೀರಿ. ಮುರಳಿ ಅಣ್ಣ ಸ್ಟೇಟಸ್ ಹಾಕಿದ್ದರಂತೆ. “ನೋಡ್ರಮ್ಮ, ನಿಮ್ಮ ಲೀಡರ್ ಜೈಲಿಗೆ ಹೋಗಿದಾರೆ, ವಿಮಾನದಲ್ಲಿ” ಅಂದರು. ಕೆಲವರು ನಕ್ಕರು. ಸೌಮ್ಯಾ ಅತ್ತಳು. ನನಗೆ ಎರಡೂ ಬರಲಿಲ್ಲ.

ಆಮೇಲೆ ನನ್ನೊಬ್ಬಳನ್ನೇ ರೂಮಿಗೆ ಕರೆದರು. ವಿಚಾರಣೆ ಗುರುವಾರ, ಹದಿಮೂರಕ್ಕೆ, ಇಲ್ಲೇ. ನಿಮಗೆ ಕಳಿಸಿದ ನೋಟಿಸು ಮನೆಗೆ ಬೀಗ ಎಂದು ವಾಪಸು ಬಂದಿದೆಯಂತೆ. ನೀವಿಲ್ಲದೆಯೇ ನಡೆಸುತ್ತಾರಂತೆ. ಆಮೇಲೆ ಮೆಲ್ಲಗೆ ಹೇಳಿದರು, “ಆಶಾರಾಣಿ ಹೊರಡೋಕ್ ಮುಂಚೆ ನಮ್ಮತ್ರ ಮಾತಾಡಿ ಹೋಗಿದಾರಮ್ಮ. ಬಟನ್ ಒತ್ತಿದ್ದು ನೀನು ಅಂತ ಹೇಳಿದಾರೆ. ಅವರಿಗೆ ಅವರ ಟೂರು ಮುಖ್ಯ. ನೀನು ಚಿಕ್ಕವಳು, ನಾನು ನಿನ್ನ ಹೆಸರು ಎತ್ತಲ್ಲ. ಅವರು ಒತ್ತಿದ್ದು ನೋಡಿದೆ ಅಂತ ಒಂದು ಸೈನ್ ಹಾಕ್ಬಿಡು.”

ನೀವು ಹೇಳಿದಿರಾ ಅಕ್ಕ? ಹೇಳದಿದ್ದರೆ ಅವರಿಗೆ ನನ್ನ ಹೆಸರು ಹೇಗೆ ಗೊತ್ತಾಯಿತು? ಅದು ನಮ್ಮಿಬ್ಬರಿಗೇ ಗೊತ್ತಿದ್ದ ವಿಷಯ. ಬರೆಯಬೇಡ, ಬರೆಯಬೇಡ ಎಂದು ನನ್ನ ಬಾಯಿ ಕಟ್ಟಿ ನೀವೇ ಹೇಳಿಬಂದಿರಾ? ಕೊನೆಯ ಕಾಗದದಲ್ಲಿ ಆಶಾರಾಣಿ ಎಂದು ಸೈನ್ ಹಾಕಿದಾಗಲೇ ನನಗೆ ಅರ್ಥವಾಗಬೇಕಿತ್ತು.

ಗುರುವಾರ ಹನ್ನೊಂದು ಗಂಟೆಗೆ ಕರೆದಿದ್ದಾರೆ. ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ.

ಲಾವಣ್ಯ


ಚಿಕ್ಕಬಾಣಾವರ
14 ನವೆಂಬರ್ 2025

ಲಾವಣ್ಯಾ,

ಸಂಜೆ ಬಂದು ಬಾಗಿಲು ತೆಗೆದರೆ ನೆಲದ ಮೇಲೆ ನಿನ್ನ ಕಾಗದ. ಚೀಲ ಇಳಿಸದೆ ನಿಂತೇ ಓದಿದೆ.

ನಾನು ಹೇಳಿಲ್ಲ. ಅತ್ತೆಯ ಮೇಲಾಣೆ, ನಾನು ಹೇಳಿಲ್ಲ. ಪ್ರಸನ್ನನ ಮುಖ ನೋಡಿ ಎರಡು ತಿಂಗಳಾಯಿತು. ನಿನ್ನ ಹೆಸರು ಹೇಳಿದರೆ ನಿನ್ನ ಮುಖ ಹೇಗಾಗುತ್ತದೆ ಎಂದು ನೋಡಲು ಕತ್ತಲಲ್ಲಿ ಕಲ್ಲು ಹೊಡೆದಿದ್ದಾನೆ. ಅಂಡಮಾನಿನಿಂದ ನಿನಗೆ ಒಂದು ಕಾಗದ ಹಾಕಿದ್ದೆ, ಬಂತೋ ಇಲ್ಲವೋ ತಿಳಿಯದು. ಅದನ್ನು ಓದಿದ್ದರೆ ನೀನು ಹೀಗೆ ಬರೆಯುತ್ತಿರಲಿಲ್ಲ. ಸೈನ್ ಹಾಕಿದ್ದರೂ ನನಗೆ ಬೇಜಾರಿಲ್ಲ, ನಾನೇ ಹಾಕು ಅಂದಿದ್ದೇನೆ.

ಮುರಳಿ ಅಣ್ಣ ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ. ಹೊರಟ ದಿನ ಏರ್‌ಪೋರ್ಟಿನಲ್ಲೇ ಸ್ಟೇಟಸ್ ಹಾಕಿದ್ದರು, ಅದನ್ನು ನೋಡಿಕೊಂಡೇ ಮರುದಿನ ನೋಟಿಸು ಕಳಿಸಿದ್ದಾರೆ. ಬದಲಿಗೆ ಬಂದ ಪೋಸ್ಟ್‌ಮ್ಯಾನ್ ಮೊದಲನೇ ದಿನವೇ ಬೀಗ ಎಂದು ಬರೆದು ವಾಪಸು ಹಾಕಿದ್ದಾನೆ. “ಹತ್ತೊಂಬತ್ ವರ್ಷದಲ್ಲಿ ಮೂರ್ ಸಲ ಬಾಗ್ಲು ತಟ್ಟದೆ ಒಂದ್ ಕಾಗ್ದ ವಾಪಸ್ ಕಳ್ಸಿಲ್ಲ ನಾನು. ನನ್ ಮನೇದೇ ಹೋಯ್ತಲ್ಲೇ” ಎಂದು ಅದನ್ನೇ ಹೇಳುತ್ತಿದ್ದಾರೆ. ನಾಳೆ ಬೆಳಿಗ್ಗೆ ಈ ಕಾಗದವನ್ನು ಅವರೇ ಅತ್ತಿಬೆಲೆಗೆ ತಂದು ನಿನ್ನ ಕೈಗೇ ಕೊಡುತ್ತಾರಂತೆ. ನಾನೂ ಬರುತ್ತಿದ್ದೆ. ಸಸ್ಪೆಂಡ್ ಆದವಳು ಗೇಟಿನ ಹತ್ತಿರ ಕಂಡರೆ ನಿನ್ನ ಮೇಲೆ ಇನ್ನೊಂದು ಹೊರಿಸುತ್ತಾರೆ ಎಂದು ತಡೆದುಕೊಂಡಿದ್ದೇನೆ.

ನಿನ್ನ
ಆಶಕ್ಕ


ಅತ್ತಿಬೆಲೆ
15 ನವೆಂಬರ್ 2025

ಆಶಕ್ಕ,

ಮುರಳಿ ಅಣ್ಣ ಸುಬ್ಬಲಕ್ಷ್ಮಮ್ಮನ ಅಂಗಡಿಯಲ್ಲಿ ಕೂತಿದ್ದಾರೆ. ನಾನು ಬರೆದು ಮುಗಿಸುವವರೆಗೆ ಕಾಯುತ್ತಾರಂತೆ, ಈಗ ಎರಡನೇ ಪ್ಲೇಟ್ ಇಡ್ಲಿ. ನಿಮ್ಮ ಕಾಗದ ಕೊಡುವಾಗ ನನ್ನ ಕಾಲಿಗೆ ಬೀಳುವುದೊಂದು ಬಾಕಿ. ಅವರಿಗೆ ಬೈಯಬೇಡಿ.

ಅಂಡಮಾನಿನ ಕಾಗದ ನಿನ್ನೆ ಬಂತು, ಶುಕ್ರವಾರ. ವಿಚಾರಣೆ ಮುಗಿದ ಮರುದಿನ. ಆದ್ದರಿಂದ ಗುರುವಾರ ಬೆಳಿಗ್ಗೆ ಆ ರೂಮಿಗೆ ಹೋದಾಗ ನೀವು ನನ್ನನ್ನು ಬಿಟ್ಟುಕೊಟ್ಟಿದ್ದೀರಿ ಎಂದೇ ನಂಬಿದ್ದೆ. ಇದು ನಿಮಗೆ ಗೊತ್ತಿರಬೇಕು. ಬುಧವಾರ ರಾತ್ರಿ ಸೈನ್ ಹಾಕುವುದು ಎಂದೇ ತೀರ್ಮಾನ ಮಾಡಿಕೊಂಡಿದ್ದೆ. ನೀವು ನನ್ನ ಹೆಸರು ಹೇಳಿದಿರಿ, ನಾನು ನಿಮ್ಮ ಹೆಸರು ಹೇಳುತ್ತೇನೆ, ಲೆಕ್ಕ ಚುಕ್ತಾ ಅಂದುಕೊಂಡೆ.

ಒಳಗೆ ಕಪ್ಪು ಕೋಟಿನ ವಕೀಲರು, ಪ್ರಸನ್ನ ಸಾರ್, ಟೈಪ್ ಮಾಡುವವರೊಬ್ಬರು. ಹೇಳಿಕೆ ಆಗಲೇ ಪ್ರಿಂಟಾಗಿತ್ತು. ಓದಿ ಸೈನ್ ಹಾಕಿ ಎಂದರು. ಓದಿದೆ. “ಯಾವುದೇ ಸಕಾರಣವಿಲ್ಲದೆ ಆಶಾರಾಣಿಯವರು ಗುಂಡಿ ಒತ್ತಿದ್ದನ್ನು ನೋಡಿದ್ದೇನೆ” ಎಂದಿತ್ತು. ನಿಮ್ಮ ಹೆಸರಿಗೆ ನನ್ನ ಪೆನ್ನು ನಿಲ್ಲಲಿಲ್ಲ ಅಕ್ಕ, ಸುಳ್ಳು ಯಾಕೆ ಹೇಳಲಿ. ಆ ಸಕಾರಣವಿಲ್ಲದೆಗೆ ನಿಂತಿತು. ಮಹಾಲಕ್ಷ್ಮಿಯ ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದೆನಲ್ಲ, ಆ ಬಿಸಿ ರಕ್ತ ಏಪ್ರನ್ ದಾಟಿ ಒಳಗೆ ಇಳಿದಿತ್ತು. ನೀವು ಒಳ್ಳೆಯವರೋ ಕೆಟ್ಟವರೋ, ಅವಳ ತಲೆ ಒಡೆದಿದ್ದಂತೂ ನಿಜ.

“ಸಾರ್, ಗುಂಡಿ ಒತ್ತಿದ್ದು ನಾನು” ಅಂದೆ.

ಪ್ರಸನ್ನ ಸಾರ್ ಎದ್ದು ನಿಂತರು. “ಲಾವಣ್ಯ, ಯೋಚ್ನೆ ಮಾಡಿ ಮಾತಾಡಮ್ಮ. ಆಚೆ ಹೋಗಿ ನೀರು ಕುಡ್ಕೊಂಡ್ ಬಾ.”

“ಬೇಡ ಸಾರ್, ಬಾಯಾರಿಲ್ಲ.”

ವಕೀಲರು ಯಾಕೆ ಒತ್ತಿದೆ, ಯಾರು ಹೇಳಿಕೊಟ್ಟರು ಎಂದು ಕೇಳಿದರು. ಯಾರೂ ಹೇಳಿಕೊಡಲಿಲ್ಲ, ಬಿದ್ದವಳನ್ನು ಎತ್ತಲು ಒತ್ತಿದೆ ಎಂದೆ. ಅವರು ಟೈಪ್ ಮಾಡಿಸಿದರು, ನಾನು ಎದ್ದು ಹೋಗಿ ಸ್ಕ್ರೀನ್ ನೋಡಿದೆ. “ಕಾರ್ಮಿಕಳು ತನ್ನ ತಪ್ಪನ್ನು ಒಪ್ಪಿಕೊಂಡಿರುತ್ತಾಳೆ” ಎಂದು ಹಾಕಿದ್ದರು.

“ಸಾರ್, ಅದನ್ನ ಹೊಡ್ದಾಕಿ. ನಾನು ಒತ್ತಿದ್ದನ್ನ ಒಪ್ಕೊಂಡಿದೀನಿ. ತಪ್ಪು ಅಂತ ಒಪ್ಕೊಂಡಿಲ್ಲ.”

“ಎರಡೂ ಒಂದೇ ಅಲ್ವೇನಮ್ಮ?” ಅಂದರು ವಕೀಲರು.

“ಒಂದೇ ಅಲ್ಲ ಸಾರ್. ಹೊಡ್ದಾಕೋವರ್ಗೂ ಸೈನ್ ಹಾಕಲ್ಲ.”

ಇಪ್ಪತ್ತು ನಿಮಿಷ ಕೂರಿಸಿದರು. ಕೂತೆ. ಕೊನೆಗೆ ಹೊಡೆದುಹಾಕಿದರು. ಆಮೇಲೆ ಸೈನ್ ಹಾಕಿದೆ, ಪೂರ್ತಿ ಹೆಸರು, ತಾರೀಕು ಸಮೇತ. ಮಧ್ಯಾಹ್ನವೇ ನನ್ನನ್ನೂ ಸಸ್ಪೆಂಡ್ ಮಾಡಿದರು. ಇವತ್ತು ಹಾಸ್ಟೆಲಿನಿಂದ ಚೀಲ ಆಚೆ ಇಟ್ಟರು.

ಇನ್ನು ನಿಮ್ಮ ಕಾಗದದ ವಿಷಯ. ನೀವು ಹೆದರಿದ್ದು ನನಗೆ ಅವತ್ತೇ ಗೊತ್ತಿತ್ತು, ಪಕ್ಕದಲ್ಲೇ ನಿಂತಿದ್ದೆನಲ್ಲ. ಆದರೆ ನಿಮ್ಮ ಕೈ ಮೇಲೆ ಹೋಗಿದ್ದನ್ನು ನೋಡುವವರೆಗೆ ಆ ಗುಂಡಿಯನ್ನು ನಮ್ಮಂಥವರು ಮುಟ್ಟಬಹುದು ಎಂಬುದೇ ನನಗೆ ಹೊಳೆದಿರಲಿಲ್ಲ. ಮುಚ್ಚಳಿಕೆ ಬರೆದುಬಿಡಿ ಎಂದು ನಾನು ಗೋಗರೆದದ್ದು ಪ್ರಸನ್ನ ಸಾರ್‌ಗೋಸ್ಕರ ಅಲ್ಲ. ನಾನು ಮಾಡಿದ್ದಕ್ಕೆ ನೀವು ಮನೆಯಲ್ಲಿ ಕೂತಿದ್ದು ತಡೆಯಲಾಗುತ್ತಿರಲಿಲ್ಲ, ಅಷ್ಟೇ. ಆ ಬಸ್‌ಸ್ಟಾಪಿನ ಹೊಗಳಿಕೆ ಮಾತ್ರ ಇನ್ನು ಮೇಲೆ ನನಗೆ ಕಳಿಸಿಕೊಡಿ.

ಮುರಳಿ ಅಣ್ಣ, “ಚೀಲ ಎತ್ಕೊ, ನಡಿ ಮನೆಗೆ” ಅನ್ನುತ್ತಿದ್ದಾರೆ. ಬರುವುದಿಲ್ಲ ಅಕ್ಕ. ನನ್ನ ಫೋನು ಇನ್ನೂ ಅವರ ಬೀರುವಿನಲ್ಲಿದೆ. ಅದನ್ನು ಕೈಗೆ ಕೊಡುವವರೆಗೆ ಹಗಲೆಲ್ಲ ಗೇಟಿನ ಮುಂದೆ ಕೂರುತ್ತೇನೆ. ಮಲಗುವುದಕ್ಕೆ ಸುಬ್ಬಲಕ್ಷ್ಮಮ್ಮ ಅಂಗಡಿಯ ಹಿಂದಿನ ಕೋಣೆ ಕೊಟ್ಟಿದ್ದಾರೆ. ಬೆಳಿಗ್ಗೆ ಬಸ್ ಇಳಿದು ಒಳಗೆ ಹೋಗುವವರೆಲ್ಲ ನನ್ನ ಮುಂದೆಯೇ ಹೋಗಬೇಕು. ಇವತ್ತು ಸೌಮ್ಯಾ ಹೋದಳು. ಎರಡು ತಿಂಗಳ ಮೇಲೆ ಕೆಲಸದ ಹೊತ್ತಿನಲ್ಲಿ ಅವಳ ಮುಖ ನೋಡಿದೆ.

ನಿಮ್ಮ
ಲಾವಣ್ಯ


ಚಿಕ್ಕಬಾಣಾವರ
24 ನವೆಂಬರ್ 2025

ಮಾನವ ಸಂಪನ್ಮೂಲ ವ್ಯವಸ್ಥಾಪಕರಾದ ಶ್ರೀ ಪ್ರಸನ್ನ ಅವರಿಗೆ,

ನಿಮ್ಮ ಇಪ್ಪತ್ತನೇ ತಾರೀಕಿನ ಪತ್ರ ತಲುಪಿತು. ಲಾವಣ್ಯಳ ಹೇಳಿಕೆಯ ನಂತರ ನನ್ನ ಅಮಾನತನ್ನು ತೆರವು ಮಾಡಿರುವುದಾಗಿಯೂ, ಮುಚ್ಚಳಿಕೆ ಬರೆದುಕೊಟ್ಟು ಡಿಸೆಂಬರ್ ಒಂದರಿಂದ ಪೀಣ್ಯದಲ್ಲಿ ಕೆಲಸಕ್ಕೆ ಹಾಜರಾಗಬೇಕೆಂದೂ ತಿಳಿಸಿದ್ದೀರಿ. ನನ್ನ ಕೈಬರಹದಲ್ಲೇ ಇರಬೇಕೆಂದು ಕೇಳಿದ್ದಿರಿ. ಇದೋ, ಕೈಬರಹದಲ್ಲೇ ಬರೆದಿದ್ದೇನೆ.

ಸೆಪ್ಟೆಂಬರ್ ಮೂರರಂದು ಕೆಂಪು ಗುಂಡಿ ಒತ್ತಿದ್ದು ನಾನಲ್ಲ. ಗುಂಡಿಗೆ ಎಲ್ಲರಿಗಿಂತ ಹತ್ತಿರ ಇದ್ದವಳು ನಾನು. ನಮ್ಮ ಲೈನಿನವಳು ರಕ್ತ ಸುರಿಸಿಕೊಂಡು ಬಿದ್ದಿದ್ದರೂ ಕೆಲಸ ಹೋಗುತ್ತದೆಂದು ಹೆದರಿ ಕೈ ತಡೆದೆ. ಅದು ನನ್ನ ತಪ್ಪು. ಆ ತಪ್ಪಿನ ಅರಿವು ನನಗಾಗಿದೆ.

ಆ ತಪ್ಪಿಗೆ ಕ್ಷಮೆ ಕೇಳಬೇಕಾದದ್ದು ನಿಮ್ಮನ್ನಲ್ಲ. ನಿನ್ನೆ ಗೌರಿಬಿದನೂರಿಗೆ ಹೋಗಿ ಮಹಾಲಕ್ಷ್ಮಿಯ ಕೈ ಹಿಡಿದು ಕೇಳಿಕೊಂಡು ಬಂದೆ. ನಿಮಗೆ ಕೊಡಲು ನನ್ನ ಹತ್ತಿರ ಬೇರೆ ಕ್ಷಮಾಪಣೆ ಇಲ್ಲ.

ಲಾವಣ್ಯ ಮಾಡಿದ್ದು ಸರಿ. ಅವಳ ವಿಚಾರಣೆಗೆ ನಾನು ಸಾಕ್ಷಿಯಾಗಿ ಬರುತ್ತೇನೆ, ನೀವು ಕರೆಯದಿದ್ದರೂ ಬರುತ್ತೇನೆ. ಈ ಪತ್ರದ ಒಂದು ಪ್ರತಿಯನ್ನು ಅವಳಿಗೂ ಕಳಿಸಿದ್ದೇನೆ. ಅವಳ ವಿಳಾಸ ಸದ್ಯಕ್ಕೆ ನಿಮ್ಮ ಅತ್ತಿಬೆಲೆ ಗೇಟಿನ ಮುಂದೆ.

ಡಿಸೆಂಬರ್ ಒಂದು, ಸೋಮವಾರ, ಬೆಳಗಿನ ಪಾಳಿಗೆ ಪೀಣ್ಯಕ್ಕೆ ಬರುತ್ತೇನೆ. ಲೈನಿನಲ್ಲಿ ಇನ್ನೊಬ್ಬಳು ಬಿದ್ದರೆ ಈ ಸಲ ನನ್ನ ಕೈ ತಡೆಯುವುದಿಲ್ಲ. ಅದನ್ನು ತಿಳಿದುಕೊಂಡೇ ಗೇಟು ತೆಗೆಯಿರಿ.

ಆಶಾರಾಣಿ